ಮೊದಲು ರೊಟ್ಟಿ, ಆಮೇಲೆ ಬಾಡಿಗೆ

ಮನೆ ನೋಡಲು ಹೊರಟವರು ತಲೆ ಬಾಚಿ ಹೂವು ಮುಡಿಯುತ್ತಾರೆ, ಮಕ್ಕಳಿಗೆ ಒಗೆದ ಬಟ್ಟೆ ಹಾಕುತ್ತಾರೆ. ಸಾಬಮ್ಮ ಅದನ್ನೆಲ್ಲ ಮಾಡಿದಳು. ಆಮೇಲೆ ಒಂದಿಷ್ಟು ಜೋಳದ ಹಿಟ್ಟನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ರೊಟ್ಟಿ ಬಡಿಯುವ ಹಲಗೆಯನ್ನು ಸಿಮೆಂಟಿನ ಖಾಲಿ ಚೀಲಕ್ಕೆ ತುರುಕಿ, ತಮ್ಮ ಅಂಬಾದಾಸನ ಹೆಗಲಿಗೇರಿಸಿದಳು.

"ಅಕ್ಕಾ, ಮನಿ ನೋಡಾಕ ಹೊಂಟೀವೋ, ಮದುವಿ ಅಡಿಗಿ ಮಾಡಾಕ ಹೊಂಟೀವೋ?" ಅಂಬಾದಾಸ ಹೆಗಲು ಸರಿಮಾಡಿಕೊಂಡ.

"ಸುಮ್ನ ಹೊರು. ಈ ಸಲ ಮೊದಲ ರೊಟ್ಟಿ, ಆಮ್ಯಾಲ ಬಾಡಿಗಿ."

ಗಂಡ ಚಂದ್ರಾಮ ನಗಲಿಲ್ಲ. ಅವನ ಕಣ್ಣು ಎದುರಿಗಿದ್ದ ಎತ್ತರದ ಕಟ್ಟಡದ ಮೇಲಿತ್ತು. ಕೊಂಡಾಪುರದ ಆ ಕಟ್ಟಡಕ್ಕೆ ಅವನೇ ಗಾರೆ ಹಾಕಿದ್ದ. ಈಗ ಬಣ್ಣವಾಗಿ, ಲಿಫ್ಟ್ ಓಡಾಡಿ, ಸಾಫ್ಟ್‌ವೇರ್ ಕಂಪನಿಗಳ ಜನ ಮಾವಿನ ತೋರಣ ಕಟ್ಟಿ ಒಳಗೆ ಬರತೊಡಗಿದ್ದರು. ಕಟ್ಟಡ ಮುಗಿಯಿತೆಂದರೆ ಅದರ ಬುಡದಲ್ಲಿದ್ದ ತಗಡಿನ ಶೆಡ್ಡುಗಳ ಆಯುಷ್ಯವೂ ಮುಗಿದಂತೆ. ಈ ವಾರದೊಳಗೆ ಜಾಗ ಬಿಡಬೇಕೆಂದು ಕಂತ್ರಾಟುದಾರ ಹೇಳಿ ಹೋಗಿದ್ದ.

ಯಾದಗಿರಿ ಕಡೆಯಿಂದ ಮದುವೆಯಾದ ಹೊಸತರಲ್ಲಿ ಬಂದ ಈ ಗಂಡ ಹೆಂಡತಿ ಹೈದರಾಬಾದಿನಲ್ಲಿ ಇರದ ಏರಿಯಾ ಇರಲಿಲ್ಲ. ಮಾದಾಪುರದಲ್ಲಿ ಆರನೇ ಮಹಡಿಯಲ್ಲಿ ಮಲಗಿದ್ದರು, ಆಗ ಅದಕ್ಕೆ ಕಿಟಕಿ ಇರಲಿಲ್ಲ. ಗಚ್ಚಿಬೌಲಿಯಲ್ಲಿ ಕೆರೆ ಕಾಣುವ ದೊಡ್ಡ ಹಾಲಿನಲ್ಲಿ ಒಲೆ ಹೂಡಿದ್ದರು, ಅದಕ್ಕೆ ಗೋಡೆಯೇ ಇರಲಿಲ್ಲ. ಬಾಗಿಲು ಕೂಡಿಸುವ ಹೊತ್ತಿಗೆ ಇವರು ಗಂಟು ಕಟ್ಟಿ ಮುಂದಿನ ಕಟ್ಟಡಕ್ಕೆ ಹೋಗುತ್ತಿದ್ದರು. ಹೀಗೆ ಹೋಗುತ್ತ ಹೋಗುತ್ತ ಮಗಳು ದಾನೇಶ್ವರಿಗೆ ಆರು ತುಂಬಿತು. ಶಾಲೆಯ ಮೆಟ್ಟಿಲು ಅವಳು ಇನ್ನೂ ಹತ್ತಿರಲಿಲ್ಲ. ಯಾವ ಶಾಲೆಗೆಂದು ಸೇರಿಸುವುದು? ಹೆಸರು ಬರೆಸುವಷ್ಟರಲ್ಲಿ ಮನೆಯೇ ಎದ್ದು ಹೊರಡುತ್ತಿತ್ತು.

ಕೈಗೂಸು ಸೂಗಪ್ಪ ಹುಟ್ಟಿದ ಮೇಲೆ ಸಾಬಮ್ಮ ಇಟ್ಟಿಗೆ ಹೊರುವುದನ್ನು ಬಿಟ್ಟು ರೊಟ್ಟಿ ಬಡಿಯಲು ಕುಳಿತಳು. ಮೊದಲು ಸೈಟಿನ ಗಂಡಸರಿಗೆ, ಆಮೇಲೆ ಪಕ್ಕದ ಹಾಸ್ಟೆಲಿನ ಮೆಸ್ಸಿಗೆ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೂತು ಬರುವ ಹುಡುಗರಿಗೆ ಜೋಳದ ರೊಟ್ಟಿ ಎಂದರೆ ಪ್ರಾಣ. ಅವಳಿಗೆ ಅಲ್ಲೇ ಹೊಳೆಯಿತು: ರೊಟ್ಟಿಯೊಂದಿದ್ದರೆ ಕಟ್ಟಡದ ಬೆನ್ನು ಹತ್ತಿ ಓಡಬೇಕಿಲ್ಲ. ಒಂದೇ ಮನೆಯಲ್ಲಿ ಇರಬಹುದು. ಒಂದೇ ಮನೆಯಿದ್ದರೆ ಮಗಳು ದಾನಿಗೆ ಒಂದೇ ಶಾಲೆ.

ಆದರೆ ಮೆಸ್ಸಿಗೆ ರೊಟ್ಟಿ ಬೆಳಿಗ್ಗೆಯೇ ಮುಟ್ಟಬೇಕು, ಅಂದರೆ ಕೋಳಿ ಕೂಗುವ ಮೊದಲೇ ಬಡಿಯಬೇಕು. ಹಿಂದಿನ ತಿಂಗಳು ಬೋರಬಂಡದಲ್ಲಿ ಒಂದು ಕೋಣೆ ಹಿಡಿದಿದ್ದರು, ರೊಟ್ಟಿಯ ಮಾತೆತ್ತದೆ. ಮೊದಲ ಬೆಳಗಿಗೇ ಬಡಿಯುವ ಸದ್ದಿಗೆ ಎಚ್ಚರವಾಗಿ ಮೇಲಿನ ಮನೆಯ ಮಾಲೀಕ ತಲೆದಿಂಬು ಕೈಯಲ್ಲಿ ಹಿಡಿದುಕೊಂಡೇ ಇಳಿದು ಬಂದ. ವಾರ ಕಳೆಯುವುದರೊಳಗೆ ಇವರು ಮತ್ತೆ ತಗಡಿನ ಶೆಡ್ಡಿಗೆ ಬಂದಿದ್ದರು. ಅದಕ್ಕೇ ಇವತ್ತು ಹಲಗೆ.

ಭಾನುವಾರದ ಲೋಕಲ್ ರೈಲು ಖಾಲಿ ಹೊಡೆಯುತ್ತಿತ್ತು. ದಾನಿ ಕಿಟಕಿಯಿಂದ ಕಿಟಕಿಗೆ ಹಾರಿದಳು. "ಅವ್ವಾ, ನಮ್ಮನಿಗೆ ಬಾಗಲಾ ಇರ್ತೈತಿ?"

"ಇರ್ತೈತಿ."

"ಚಿಲಕ?"

"ಚಿಲಕನೂ ಇರ್ತೈತಿ, ನಿನ್ನ ಹೊರಗ ಹಾಕಿ ಒಳಗಿಂದ ಹಾಕ್ಕೊಳ್ಳಾಕ," ಎಂದ ಅಂಬಾದಾಸ. ದಾನಿ ಅವನ ಬೆನ್ನಿಗೆ ಗುದ್ದಿದಳು, ಗುದ್ದು ಹಲಗೆಗೆ ಬಿತ್ತು. ಸಾಬಮ್ಮನಿಗೆ ನಗು ತಡೆಯಲಾಗಲಿಲ್ಲ. ಮದುವೆಯ ದಿನವೂ ಅವಳ ಎದೆ ಹೀಗೆ ಹಾರಿರಲಿಲ್ಲ. ಅವತ್ತು ಗಂಡನನ್ನು ಬೇರೆಯವರು ನೋಡಿ ಬಂದಿದ್ದರು. ಇವತ್ತು ಮನೆಯನ್ನು ಅವಳೇ ನೋಡಲಿದ್ದಳು.

ಮೊದಲ ಕೋಣೆ ಲಿಂಗಂಪಲ್ಲಿಯಲ್ಲಿ. ಹೊಸ ಮನೆ, ಹೊಸ ಸುಣ್ಣ, ಒಳಗೇ ನಲ್ಲಿ. ಚಂದ್ರಾಮನ ಮುಂದಿನ ಕೆಲಸಕ್ಕೂ ಹತ್ತಿರ. ಅವನು ಗೋಡೆ ಸವರಲಿಲ್ಲ, ನೆಲ ತಟ್ಟಲಿಲ್ಲ. ಸೀದಾ ಹೋಗಿ ಬಾಗಿಲು ಹಾಕಿದ, ತೆಗೆದ, ಮತ್ತೆ ಹಾಕಿದ. "ಇದ ಆತು ಬಿಡು," ಎಂದ.

"ತಡಿ," ಎಂದಳು ಸಾಬಮ್ಮ. ನೆಲದ ಮೇಲೆ ಹಲಗೆ ಇಟ್ಟು, ನಲ್ಲಿಯ ನೀರಿನಲ್ಲೇ ಹಿಟ್ಟು ನಾದಿದಳು. ತಣ್ಣೀರಿನ ಹಿಟ್ಟಿಗೆ ಜಿಗುಟಿಲ್ಲ, ರೊಟ್ಟಿ ಒಡೆಯುತ್ತದೆ. ಒಡೆಯಲಿ, ಅವಳಿಗೆ ಬೇಕಾಗಿದ್ದು ಸಪ್ಪಳ. ತಪ್ ತಪ್ ತಪ್ ಎಂದು ಅಂಗೈ ಬಿತ್ತು. ಇನ್ನೂ ಅರ್ಧ ಅಗಲವಾಗಿರಲಿಲ್ಲ, ಮನೆಯೊಡತಿ ಕೈಯಲ್ಲಿ ಸೌಟು ಹಿಡಿದು ಓಡಿ ಬಂದಳು.

"ಏಮಿಟಮ್ಮಾ ಆ ಸಪ್ಪುಡು?"

ಅದೇನು ಸದ್ದು ಎಂದು ಅವಳು ಕೇಳಿದ್ದು ತೆಲುಗಿನಲ್ಲಿ; ತೆಲುಗು ಚೆನ್ನಾಗಿ ಬರುತ್ತಿದ್ದವಳು ದಾನಿ. ಅಮ್ಮ ದಿನಾ ನಸುಕಿನಲ್ಲಿ ಹೀಗೇ ಬಡಿಯುತ್ತಾಳೆ, ಬುಟ್ಟಿ ತುಂಬುವ ತನಕ ಬಡಿಯುತ್ತಾಳೆ ಎಂದು ಹೆಮ್ಮೆಯಿಂದ ಹೇಳಿಬಿಟ್ಟಳು. ಮನೆಯೊಡತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಬಡಿಯುವುದೇಕೆ, ಲಟ್ಟಣಿಗೆಯಿಂದ ಸುಮ್ಮನೆ ಲಟ್ಟಿಸಬಾರದೇ ಎಂದು ಕೇಳಿದಳು.

ಬೀದಿಗೆ ಬಂದ ಮೇಲೆ ಸಾಬಮ್ಮ ಸಿಡಿದಳು. "ಲಟ್ಟಿಸಬೇಕಂತ! ಲಟ್ಟಿಸಿದ್ದಕ್ಕ ಯಾರರ ರೊಟ್ಟಿ ಅಂತಾರೇನು?"

"ಅಂಥಾ ಬಾಗಲಾ ಎಲ್ಲಿ ಸಿಗ್ತಿತ್ತು," ಎಂದ ಚಂದ್ರಾಮ, ಹಿಂದಿರುಗಿ ನೋಡುತ್ತ. "ಒಂದು ಮಾತು ಹೇಳದ ಇದ್ರ ಆಗ್ತಿರಲಿಲ್ಲೇನು?"

"ಬೋರಬಂಡದಾಗ ಹೇಳದನ ಇದ್ವಿ. ಏನಾತು? ನನ್ನ ಮಗಳು ಸಾಲಿಗಿ ಹೋಗಿ ನಾಕು ದಿನಕ್ಕ ವಾಪಸ್ ಬರೂದು ಬ್ಯಾಡ."

ಚಂದ್ರಾಮ ಮುಂದೆ ನಡೆದ.

ಎರಡನೆಯ ಮನೆ ತಾರ್ನಾಕದಲ್ಲಿ. ಅಂಬಾದಾಸನ ಗುರುತಿನ ಕಾವಲುಗಾರ ಹೇಳಿದ್ದು. ಯೂನಿವರ್ಸಿಟಿಯ ಮರಗಳ ನೆರಳು ಬೀಳುವ ಓಣಿ. ಮನೆಯ ಯಜಮಾನರು ನರಹರಿ, ಮೈಸೂರು ಕಡೆಯವರು, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು. ಇವರ ಬಾಯಲ್ಲಿ ಕನ್ನಡ ಕೇಳುತ್ತಲೇ ಹೆಂಡತಿ ಕಮಲಾಕ್ಷಿ ಚಹಾ ಇಟ್ಟರು, ದಾನಿಯ ಕೈಗೆ ಕೊಬ್ಬರಿ ಮಿಠಾಯಿ ಕೊಟ್ಟರು. ಹಿತ್ತಲ ಕೋಣೆ ತಂಪಾಗಿತ್ತು. ಎಲ್ಲೋ ಒಂದು ಹಕ್ಕಿ ಕೂಗುವುದು ಬಿಟ್ಟರೆ ಉಸಿರೂ ಕೇಳಿಸುವಂಥ ನಿಶ್ಶಬ್ದ.

ಅಷ್ಟೇ, ಸೂಗಪ್ಪ ಎದ್ದು ಕಿರುಚತೊಡಗಿದ. ಹಾಲು ಕೊಟ್ಟರೂ ಇಲ್ಲ, ತಟ್ಟಿದರೂ ಇಲ್ಲ.

"ಹೊಸ ಜಾಗ, ಅದಕ್ಕೆ," ಎಂದರು ಕಮಲಾಕ್ಷಿ.

"ಜಾಗಾ ಅಲ್ರಿ ಅಮ್ಮಾರ," ಎಂದ ಅಂಬಾದಾಸ. "ಇಂವ ಹುಟ್ಟಿದ್ದ ಕಾಂಕ್ರೀಟ್ ಕಲಸೋ ಮಿಲ್ಲರ್ ಬಾಜೂಕ. ಅದು ಗುರ್ ಅಂದ್ರ ಮಲಗ್ತಾನ, ಬಂದ್ ಮಾಡಿದ್ರ ಏಳ್ತಾನ."

ಸಾಬಮ್ಮ ಅಳುವ ಮಗುವನ್ನು ಗಂಡನ ಕೈಗೆ ಕೊಟ್ಟು ಹಲಗೆ ಹಾಸಿದಳು. ನರಹರಿಯವರು ಒಂದು ರೊಟ್ಟಿಯ ಸದ್ದನ್ನು ಪೂರ್ತಿ ಕೇಳಿದರು. ತುಂಬ ಮರ್ಯಾದಸ್ಥರು.

"ನೋಡಮ್ಮಾ," ಎಂದರು ಕೊನೆಗೆ, "ಸರ್ವೀಸು ಪೂರ್ತಿ ನಾನು ಫ್ಯಾಕ್ಟರಿ ಸೈರನ್ನಿಗೆ ಎದ್ದವನು. ಈಗ ಬೆಳಿಗ್ಗೆ ಒಂದಷ್ಟು ನಿದ್ದೆ ಅಂತ ಮಾಡ್ತಾ ಇದ್ದೀನಿ. ಎಂಟು ಗಂಟೆ ಮೇಲೆ ಬಡಿದುಕೊಂಡರೆ ನನಗೇನೂ ಅಡ್ಡಿ ಇಲ್ಲ."

"ಎಂಟಕ್ಕ ಹುಡುಗರು ಉಂಡು ಆಫೀಸಿಗಿ ಹೋಗಿರ್ತಾರ್ರಿ, ಸಾಹೇಬ್ರ."

ಇಬ್ಬರಿಗೂ ಬೇಸರವಾಯಿತು, ಇಬ್ಬರದೂ ತಪ್ಪಿರಲಿಲ್ಲ. ಗೇಟಿನ ತನಕ ಬಂದ ಕಮಲಾಕ್ಷಿಯವರು ದಾನಿಯ ತಲೆ ಸವರಿದರು. "ಇವಳಿಗೆ ಶಾಲೆ ಅಂದಿರಲ್ಲ, ಕಾಚಿಗೂಡದ ಹತ್ತಿರ ಕನ್ನಡ ಶಾಲೆ ಇದೆ. ನಮ್ಮ ಮಕ್ಕಳು ಓದಿದ್ದು ಅಲ್ಲೇ."

ಸಾಬಮ್ಮ ನಿಂತುಬಿಟ್ಟಳು. "ಹೈದರಾಬಾದಿನಾಗ ಕನ್ನಡ ಸಾಲಿ?"

ಆಮೇಲೆ ಅವಳನ್ನು ಹಿಡಿದು ನಿಲ್ಲಿಸುವವರು ಯಾರು? ಕಾಚಿಗೂಡ ಎಂದರೆ ಕೆಲಸದಿಂದ ಊರಿನ ಈ ತುದಿ ಆ ತುದಿ ಎಂದು ಚಂದ್ರಾಮ ದಾರಿಯುದ್ದಕ್ಕೂ ಗೊಣಗಿದ. ಅಂಬಾದಾಸ ಹಲಗೆಯನ್ನು ಈಗ ತಲೆಯ ಮೇಲಿಟ್ಟುಕೊಂಡು, "ಅಕ್ಕಾ, ಮನಿ ಸಿಗದಿದ್ರ ಈ ಹಲಗಿ ಕೆಳಗನ ಸಂಸಾರ ಮಾಡ್ರಿ," ಎಂದ. ಅವಳು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಮಗಳ ಕೈ ಹಿಡಿದು ಮುಂದೆ ಮುಂದೆ ನಡೆದಳು. ಶಾಲೆ ಸಿಕ್ಕಿತು. ಭಾನುವಾರ, ಗೇಟು ಮುಚ್ಚಿತ್ತು. ದಾನಿ ಸರಳುಗಳ ನಡುವೆ ಮುಖ ತೂರಿಸಿ ಬಯಲನ್ನೆಲ್ಲ ನೋಡಿದಳು. "ಅವ್ವಾ, ಗಂಟಿ ಐತಿ!"

ಅಲ್ಲಿಂದ ಸ್ಟೇಷನ್ನಿನ ಹಿಂದಿನ ಓಣಿಗಳಲ್ಲಿ ತಿರುಗಿದರು. ಕೊನೆಯ ಓಣಿಯ ಕೊನೆಯ ಮನೆಗೆ ಬಾಡಿಗೆಯ ಬೋರ್ಡು ತೂಗುತ್ತಿತ್ತು. ಬಾಗಿಲಲ್ಲೇ ಕುಳಿತಿದ್ದ ಮುದುಕಿ ಇವರನ್ನು ಕಂಡವಳೇ ಎದ್ದು ನಿಂತಳು. ಹೆಸರು ಯಮುನಾಬಾಯಿ, ಭಾಲ್ಕಿ ಕಡೆಯವಳು, ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡಿದ್ದ. ಇಷ್ಟನ್ನೂ ಅವಳು ಕೀಲಿ ತೆಗೆಯುತ್ತಲೇ ಹೇಳಿ ಮುಗಿಸಿದಳು.

"ನೋಡ್ರಿ, ಜಲ್ದಿ ನೋಡ್ರಿ. ಕೋಲಿ ದೊಡ್ದೈತಿ, ಅಂಗಳಾ ಐತಿ, ಒಲಿ ಹಾಕ್ಕೊಳ್ರಿ, ನೀರು ಬರ್ತಾವ. ಬಾಡಿಗಿ ಭಾಳ ಕಮ್ಮಿ. ಪಸಂದ್ ಬಂತಿಲ್ಲೋ? ಹೂಂ ಅನ್ರಿ ಮತ್ತ!"

ಕೋಣೆ ನಿಜಕ್ಕೂ ದೊಡ್ಡದಿತ್ತು. ಬಾಗಿಲು ಹಳೆಯ ತೇಗದ್ದು. ಚಂದ್ರಾಮ ಅದನ್ನು ಹಾಕಿ ತೆಗೆದು ನೋಡಿದ. ಸಾಬಮ್ಮನಿಗೆ ಮಾತ್ರ ಅನುಮಾನ ಬಂತು. ಇಂಥ ಮನೆ ಇಷ್ಟು ಕಮ್ಮಿಗೆ ಯಾಕೆ ಖಾಲಿ ಬಿದ್ದಿದೆ? ಈ ಮುದುಕಿ ಘಳಿಗೆಗೊಮ್ಮೆ ಹಿತ್ತಲ ಕಡೆ ಯಾಕೆ ನೋಡುತ್ತಾಳೆ?

"ಹೂಂ ಅನ್ನೂಕಿಂತ ಮೊದಲ ಒಂದು ರೊಟ್ಟಿ ಬಡೀಬೇಕ್ರಿ, ಬಾಯಿ."

"ರೊಟ್ಟಿ? ಈಗ?" ಯಮುನಾಬಾಯಿ ಹಿತ್ತಲ ಕಡೆ ಕಿವಿಗೊಟ್ಟಳು. "ಅರೇ ಬೇಟಿ, ರೊಟ್ಟಿ ನಾಳಿ ಬಂದು ಬಡಿ, ನಾಡದು ಬಡಿ. ಇವತ್ತ ಕೀಲಿ ತಗೊಂಡು ನಡಿ."

"ಬಡದ ಮ್ಯಾಲ ಕೀಲಿ."

"ಎಂಥಾ ಹಟಮಾರಿ ಐತಿ ಇದು!" ಗೊಣಗುತ್ತಲೇ ಮುದುಕಿ ತನ್ನ ಒಲೆಯಿಂದ ಕುದಿಯುವ ನೀರು ತಂದಳು, ಹೊತ್ತಿಸಿದ ಸಣ್ಣ ಸ್ಟೋವನ್ನೂ ತವೆಯನ್ನೂ ತಂದಿಟ್ಟಳು. "ಬಡಿ ಹಂಗಾದ್ರ, ಜಲ್ದಿ ಬಡಿ!"

ಬಿಸಿನೀರು ಬಿದ್ದ ಹಿಟ್ಟು ಕೈಗೆ ಹತ್ತಿ ಹದವಾಯಿತು. ಸಾಬಮ್ಮ ಹಲಗೆಯ ಮೇಲೆ ಹಿಟ್ಟು ಉದುರಿಸಿ ಉಂಡೆ ಇಟ್ಟಳು. ಬೆಳಗಿನಿಂದ ಅದುಮಿಟ್ಟಿದ್ದ ಜೋರನ್ನೆಲ್ಲ ಅಂಗೈಗೆ ತಂದು ಬಡಿದಳು. ತಪ್, ತಪ್, ತಪ್. ಯಾರೂ ಓಡಿ ಬರಲಿಲ್ಲ. ತಪ್, ತಪ್... ಆಮೇಲೆ ತನ್ನ ಕೈಯ ಸದ್ದು ಅವಳಿಗೇ ಕೇಳದಾಯಿತು.

ಮೊದಲು ನೆಲ ಗುಂಯ್ ಎಂದಿತು. ಆಮೇಲೆ ಗೋಡೆಯ ಮಾಡದಲ್ಲಿದ್ದ ಲೋಟ ಕುಣಿಯಿತು, ಹಲಗೆ ತಾನೇ ತಾನಾಗಿ ಗೇಣುದ್ದ ಸರಿಯಿತು. ಹಿತ್ತಲ ಗೋಡೆಯ ಆಚೆ ಒಂದು ಉದ್ದನೆಯ ರೈಲು ಶಿಳ್ಳೆ ಹಾಕುತ್ತ, ಡಬ್ಬಿಯ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲದೆ ಹೋಯಿತು. ಅಂಬಾದಾಸ ಎರಡೂ ಕಿವಿ ಮುಚ್ಚಿಕೊಂಡ. ಯಮುನಾಬಾಯಿ ಹೊಸ್ತಿಲ ಮೇಲೆ ಕುಸಿದು ಕುಳಿತಳು.

ರೈಲು ದಾಟಿದ ಮೇಲೆ ಅವಳೇ ಬಾಯಿಬಿಟ್ಟಳು. "ಹೋಗ್ರಿ ಇನ್ನ. ಎಲ್ಲಾರೂ ಇದಕ್ಕ ಹೋಗ್ತಾರ. ಹಗಲೂ ಹಿಂಗ, ನಸಿಕಿನ್ಯಾಗೂ ಹಿಂಗ. ರೈಲು ಬರೂದರಾಗ ನಿಮ್ಮ ಬಾಯಾಗ ಹೂಂ ಅನಸಬೇಕಂತ ಮಾಡಿದ್ದೆ. ಮುದುಕಿ ಸುಳ್ಳು ಹೇಳಿದ್ಲು ಅನಬ್ಯಾಡ್ರಿ, ಹೇಳಲಿಲ್ಲ ಅಷ್ಟ."

ಸಾಬಮ್ಮ ಅವಳ ಮುಖ ನೋಡಿದಳು. ಹಲಗೆಯ ಮೇಲಿನ ರೊಟ್ಟಿ ನೋಡಿದಳು. ಆಮೇಲೆ ನಗು ಹೊಟ್ಟೆಯಿಂದ ಎದ್ದು ಬಂತು. "ಬಾಯಿ, ನಾ ನಸಿಕಿನ್ಯಾಗ ಬುಟ್ಟಿಗಟ್ಟಲೆ ರೊಟ್ಟಿ ಬಡಿಯಾಕಿ. ನನ್ನ ಸಪ್ಪಳಕ್ಕ ನೀವ ಓಡಿಸ್ತೀರಿ ಅಂತ ನಾ ಅಂಜಿದ್ದೆ!"

"ಇದಕ್ಕ ಸಪ್ಪಳಾ ಅಂತಾರೇನು?" ಯಮುನಾಬಾಯಿ ಹಲಗೆ ನೋಡಿ, ಗೋಡೆ ನೋಡಿ, ತಾನೂ ನಗತೊಡಗಿದಳು. ಹಲ್ಲಿಲ್ಲದ ಬಾಯಿಗೆ ಸೆರಗು ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಶ್!" ಎಂದ ಚಂದ್ರಾಮ. ಅವನ ಹೆಗಲ ಮೇಲೆ ಸೂಗಪ್ಪ ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದ. ತಾರ್ನಾಕದಿಂದ ಹಿಡಿದ ಅಳು ರೈಲಿನ ಜೊತೆಗೇ ಹೋಗಿತ್ತು.

ಈಗ ಉಳಿದಿದ್ದು ಚಂದ್ರಾಮನ ಮಾತು ಒಂದೇ. ಸಾಬಮ್ಮ ತವೆಯ ಮೇಲೆ ರೊಟ್ಟಿ ಹಾಕಿದಳು, ಒದ್ದೆ ಬಟ್ಟೆಯಿಂದ ನೀರು ಸವರಿದಳು, ತಲೆ ಎತ್ತಲಿಲ್ಲ. ದೂರವಾಯಿತು ಎಂದು ಅವನು ಅಂದರೆ ಅದು ಸುಳ್ಳೇನೂ ಅಲ್ಲ. ಮೆಸ್ಸೂ ಆ ಕಡೆಯೇ ಇತ್ತು.

ಚಂದ್ರಾಮ ಮಗುವನ್ನು ಹೊತ್ತೇ ಹಿತ್ತಲಿಗೆ ಹೋಗಿ ಹಳಿ ನೋಡಿದ. ಅತ್ತ ಸ್ಟೇಷನ್ನಿನ ಛಾವಣಿ ಕಾಣುತ್ತಿತ್ತು. ಬಂದು ಬಾಗಿಲಿಗೆ ಒರಗಿ ನಿಂತ.

"ಮುಂಜಾನಿ ಮೊದಲನೇ ಲೋಕಲ್ ಹಿಡೀತೀನಿ," ಎಂದ. "ಹೆಂಗೂ ಕೈ ಖಾಲಿ ಇರ್ತಾವ. ರೊಟ್ಟಿ ಬುಟ್ಟಿ ನಾನ ಒಯ್ದು ಮೆಸ್ಸಿಗಿ ಮುಟ್ಟಸ್ತೀನಿ."

"ಜನಾ ಏನಂತಾರ, ಮಾವ? ಗಾರೆ ಮೇಸ್ತ್ರಿ ರೊಟ್ಟಿ ಹೊತ್ತಾನಂತಾರ!" ಎಂದ ಅಂಬಾದಾಸ.

"ಅನ್ಲಿ. ಹಸಿದವ್ರು ಅನ್ನೂದಿಲ್ಲ."

ಸಾಬಮ್ಮನ ರೊಟ್ಟಿ ತವೆಯ ಮೇಲೆ ಬಲೂನಿನಂತೆ ಉಬ್ಬಿತು. ಅದನ್ನು ಮುರಿದು ಮೊದಲ ಚೂರು ಯಮುನಾಬಾಯಿಗೆ, ಮೆತ್ತನೆಯ ನಡುಭಾಗ ನೋಡಿ ಕೊಟ್ಟಳು. ದಾನಿ ಬಾಗಿಲ ಹೊರಗೆ ನಿಂತು ಅಂಬಾದಾಸ ಮಾಮನಿಗೆ ಒಳಗಿನಿಂದ ಚಿಲಕ ಹಾಕಲು ಹೇಳಿ, ತಟ್ಟಿ, "ಯಾರು?" ಎನ್ನಿಸಿ, "ನಾನು, ದಾನೇಶ್ವರಿ, ಇದ ಮನಿಯಾಕಿ!" ಎಂದು ಕೂಗಿದಳು. ಆಟ ಮತ್ತೆ ಮತ್ತೆ ನಡೆಯಿತು.

ಹೊರಡುವ ಹೊತ್ತಾಯಿತು. ಶೆಡ್ಡಿನಿಂದ ಸಾಮಾನು ತರಬೇಕು. ಬೆಳಗಿನಿಂದ ರೂಢಿಯಾದಂತೆ ಅಂಬಾದಾಸ ನಿಟ್ಟುಸಿರು ಬಿಟ್ಟು ಸಿಮೆಂಟಿನ ಚೀಲ ಕೊಡವಿದ, ಹಲಗೆಗೆ ಕೈ ಹಾಕಿದ.

"ಅದನ್ನ ಬಿಡು," ಎಂದಳು ಸಾಬಮ್ಮ. ಹಲಗೆಯನ್ನು ಸೆರಗಿನಿಂದ ಒರೆಸಿ, ಒಲೆ ಹಾಕಬೇಕೆಂದು ಮನಸ್ಸಿನಲ್ಲೇ ಗುರುತು ಮಾಡಿದ್ದ ಮೂಲೆಯಲ್ಲಿ ಗೋಡೆಗೆ ಒರಗಿಸಿ ನಿಲ್ಲಿಸಿದಳು. "ಹಲಗಿ ಇಲ್ಲೇ ಇರ್ತೈತಿ."