ಶಾಲೆಯ ಮುಂದಿನ ಹಂಪ್

ಮಹಾನಂದಾಳಿಗೆ ಯಾವ ಹುದ್ದೆಯೂ ಇರಲಿಲ್ಲ. ಅವಳು ಊರಿನ ಪಂಚಾಯಿತಿ ಸದಸ್ಯೆಯೂ ಅಲ್ಲ, ಮಹಿಳಾ ಸಂಘದ ಅಧ್ಯಕ್ಷೆಯೂ ಅಲ್ಲ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಆದರೂ ಗೋದಾಮು ಓಣಿಯಲ್ಲಿ ನಳಕ್ಕೆ ನೀರು ಬರದಿದ್ದರೆ, ಕಂಬದ ಬಲ್ಬು ಹೋದರೆ, ಗಟಾರ ಕಟ್ಟಿಕೊಂಡರೆ ಜನ ಅವಳ ಬಾಗಿಲಿಗೇ ಬರುತ್ತಿದ್ದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಪಂಚಾಯಿತಿ ಕಚೇರಿಗೆ ಹೊರಡುತ್ತಿದ್ದಳು. ಅಲ್ಲಿ ಕೂಗಾಡುತ್ತಿರಲಿಲ್ಲ. ಕೆಲಸ ಆಗುವವರೆಗೂ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಕೂಗಾಡುವವರೇ ವಾಸಿ ಎಂದು ಗುಮಾಸ್ತರು ಹೇಳುತ್ತಿದ್ದರು.

"ಹೇಣ್ತಿ ಅಂತ ಮಾಡ್ಕೊಂಡ್ ಬಂದಿದ್ದೆ, ಊರಿಗೆ ಜಮಾದಾರಾಗಿ ಕುಂತಾಳ" ಎಂದು ಗಂಡ ಧಮ್ಮಪಾಲ ಚಹಾದಂಗಡಿಯಲ್ಲಿ ನಗುತ್ತಿದ್ದ. ಅವನು ತೊಗರಿ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ.

ಆಳಂದದಿಂದ ಖಜೂರಿ ಕಡೆ ಹೋಗುವ ರಸ್ತೆ ಆ ಸಣ್ಣ ಊರನ್ನು ಸೀಳಿಕೊಂಡು ಹೋಗುತ್ತದೆ. ಓಣಿ ಒಂದು ಬದಿ, ಶಾಲೆ ಇನ್ನೊಂದು ಬದಿ. ಹೊಸ ಡಾಂಬರು ಬಿದ್ದ ಮೇಲೆ ಮಹಾರಾಷ್ಟ್ರದ ಲಾರಿಗಳು ವೇಗ ತಗ್ಗಿಸುವುದನ್ನೇ ಬಿಟ್ಟವು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಡಿಸೆಂಬರಿನಲ್ಲಿ ಓಣಿಯ ಪ್ಯಾರಿಬಿಯ ಮೊಮ್ಮಗಳು ಮಹೆಕ ಶಾಲೆ ಬಿಟ್ಟ ಮೇಲೆ ಮನೆಗೆ ಹೊರಟಿದ್ದಳು. ಮೂರನೇ ತರಗತಿಯ ಹುಡುಗಿ. ಮುಂದಿನ ಟ್ರಾಲಿ ದಾಟಿತೆಂದು ಓಡಿದಳು. ಹಿಂದೆ ಇನ್ನೊಂದು ಇತ್ತು.

ಮಹಾನಂದಾ ಅಡುಗೆ ಕೋಣೆಯಿಂದ ಓಡಿ ಬಂದು ಅವಳನ್ನು ಎತ್ತಿಕೊಂಡಳು. ಎತ್ತಿಕೊಂಡಾಗಲೇ ಗೊತ್ತಾಯಿತು.

ಮಣ್ಣು ಮುಗಿದ ಮೇಲೆ ಅವಳು ಕಚೇರಿಗೆ ಹೋದಳು. ರಸ್ತೆ ತಮ್ಮದಲ್ಲ, ರಾಜ್ಯದ್ದು ಎಂದರು. ರಾಜ್ಯದ ರಸ್ತೆಯ ಕಚೇರಿಯನ್ನು ಹುಡುಕಿಕೊಂಡು ಹೋದಳು.

"ದೊಡ್ಡ ರಸ್ತಾದ ಮ್ಯಾಲ ಹಂಗ ಹಂಪ್ ಹಾಕಾಕ ಬರಂಗಿಲ್ರಿ ಬಾಯಿ" ಎಂದರು ಸಾಹೇಬರು. "ಮ್ಯಾಲಿಂದ ಮಂಜೂರಾತಿ ಬರಬೇಕು."

"ಯಾವಾಗ ಬರ್ತದ್ರಿ?"

"ಬಂದಾಗ ಬರ್ತದ. ಹಾಕಿದ್ರ ಬರಾಬರ್ ಹಾಕಬೇಕು, ಬೋರ್ಡ್ ಇರಬೇಕು, ಪಟ್ಟಿ ಬಳೀಬೇಕು. ಇಲ್ಲಾಂದ್ರ ಅದೇ ಒಬ್ಬರನ್ನ ತಿಂತದ."

ಅವಳು ಬೆಂಚಿನ ಮೇಲೆ ಕೂತಳು. ಸಂಜೆಯಾಯಿತು, ಕಚೇರಿಗೆ ಬೀಗ ಬಿತ್ತು. ಮರುದಿನವೂ ಹೋಗಿ ಕೂತಳು. ಈ ಸಲ ಬೆಂಚು ಕೆಲಸಕ್ಕೆ ಬರಲಿಲ್ಲ. ಇತ್ತ ಪ್ಯಾರಿಬಿ ಮಹೆಕಳ ತಂಗಿಯನ್ನು ಶಾಲೆಗೆ ಕಳಿಸುವುದನ್ನು ನಿಲ್ಲಿಸಿದ್ದಳು. ಇನ್ನೂ ಕೆಲವು ಮನೆಯವರು ಹೆಣ್ಣುಮಕ್ಕಳನ್ನು ಮನೆಯಲ್ಲೇ ಕೂರಿಸಿಕೊಂಡರು. ಮಹಾನಂದಾ ಪ್ಯಾರಿಬಿಯ ಮನೆಗೆ ಹೋದಾಗ ಅವಳು ಒಲೆಯ ಮುಂದಿಂದ ಏಳಲಿಲ್ಲ.

"ನನಗ ಶಾಲಿ ಸಾಕಾಗ್ಯಾದ ಅಕ್ಕಾ. ಓದ್ಲಿಲ್ಲಾಂದ್ರೂ ಬದುಕಿರ್ತಾವ."

"ಹಂಪ್ ಆದ್ರ ಕಳಸ್ತಿ?"

"ಆದ್ರ ನೋಡ್ತೇನಿ."

ಆ ಮಾತಿನ ಮೇಲೆ ಮಹಾನಂದಾ ಹಂಪ್ ಹಾಕಿಸಿದಳು. ಓಣಿಯವರು ಆರು ಚೀಲ ಸಿಮೆಂಟು ಕೊಟ್ಟರು. ಗೌಂಡಿ ಉಸ್ಮಾನಸಾಬ ಕೂಲಿ ಬೇಡವೆಂದ. ಒಂದು ಭಾನುವಾರ ರಸ್ತೆಯ ಅರ್ಧ, ಮುಂದಿನ ಭಾನುವಾರ ಇನ್ನರ್ಧ. ಹಸಿ ಸಿಮೆಂಟಿನ ಸುತ್ತ ಕಲ್ಲಿಟ್ಟು, ಜಾಲಿಯ ಟೊಂಗೆ ಎಳೆದು ಗಾಡಿಗಳನ್ನು ಪಕ್ಕಕ್ಕೆ ಹಾಯಿಸಿದರು. ಮೊದಲ ಬುಟ್ಟಿ ಹೊತ್ತವಳು ಮಹಾನಂದಾ.

"ಇನ್ನ ಬಣ್ಣ ಬಳೀರಿ ಸಾಬ" ಎಂದಳು, ಎರಡನೇ ಅರ್ಧ ಮುಗಿದಾಗ.

"ಹಸೀ ಮ್ಯಾಲ ಬಳದ್ರ ಉದುರ್ತದ ಅಕ್ಕಾ. ಒಂದ್ ವಾರ ನೀರು ಕುಡೀಲಿ. ಎರಡೂ ಹೊತ್ತು ಹೊಡೀಬೇಕು ನೋಡ್ರಿ, ಇಲ್ಲಾಂದ್ರ ಲಾರಿ ಕೆಳಗ ಬಿಸ್ಕೀಟಿನಂಗ ಒಡೀತದ."

ನೀರು ಹೊಡೆಯುವ ಕೆಲಸ ಮಹಾನಂದಾಳೇ ತೆಗೆದುಕೊಂಡಳು. ಬೆಳಿಗ್ಗೆ ಅನ್ನಕ್ಕೆ ಇಡುವ ಮೊದಲು ನಾಲ್ಕು ಕೊಡ, ಸಂಜೆ ಪಾತ್ರೆ ತೊಳೆದ ಮೇಲೆ ನಾಲ್ಕು ಕೊಡ. ಗುರುವಾರ ಸಿಮೆಂಟು ಗಟ್ಟಿಯಾಗಿದೆ ಎಂದು ಉಸ್ಮಾನಸಾಬ ಕಾಲಿನಿಂದ ಒದ್ದು ನೋಡಿ ಹೇಳಿದ. ಅವಳು ಕಲ್ಲುಗಳನ್ನೂ ಟೊಂಗೆಗಳನ್ನೂ ಎತ್ತಿ ಬದಿಗೆ ಹಾಕಿ, ರಸ್ತೆ ಗುಡಿಸಿದಳು. ರಸ್ತೆಯಲ್ಲಿ ಕಲ್ಲು ಬಿಟ್ಟು ಹೋಗುವ ಲಾರಿಯವರನ್ನು ಮೊದಲಿನಿಂದಲೂ ಬೈಯುತ್ತಿದ್ದವಳು ಅವಳು. ಆ ದಿನ ಲಾರಿಗಳು ಹಂಪಿನ ಮುಂದೆ ಬಂದು ಗಕ್ಕನೆ ವೇಗ ತಗ್ಗಿಸಿ ನಿಧಾನವಾಗಿ ದಾಟಿದವು. ಹುಡುಗರು ಗೇಟಿನ ಬಳಿ ನಿಂತು ಚಪ್ಪಾಳೆ ಹೊಡೆದರು. ಶುಕ್ರವಾರ ಮುಂಜಾನೆ ಪ್ಯಾರಿಬಿ ಕಿರಿಯ ಮೊಮ್ಮಗಳ ಕೈ ಹಿಡಿದು ಶಾಲೆಗೆ ತಂದು ಬಿಟ್ಟಳು.

ಅದೇ ಶುಕ್ರವಾರ ಅಮಾವಾಸ್ಯೆ. ಗಡಿ ಕಡೆಯ ಹಳ್ಳಿಯ ದತ್ತಪ್ಪ ಹೆಂಡತಿ ರುಕ್ಮಿಣಿಬಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗಿ ಬರುತ್ತಿದ್ದ. ಹೊತ್ತು ಮುಳುಗಿತ್ತು, ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ. ಮಹಾನಂದಾ ಆಗತಾನೇ ನಾಲ್ಕು ಕೊಡ ಹೊಡೆದು ಮನೆಗೆ ಹೋಗಿದ್ದಳು. ಒದ್ದೆ ಸಿಮೆಂಟು ಡಾಂಬರಿನಷ್ಟೇ ಕಪ್ಪಾಗಿತ್ತು. ರುಕ್ಮಿಣಿಬಾಯಿ ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು, ತೊಡೆಯ ಮೇಲೆ ಕಾಯಿಯ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬೈಕು ಹಾರಿತು. ದತ್ತಪ್ಪ ಹೇಗೋ ಸಂಭಾಳಿಸಿಕೊಂಡು ಮುಂದಿನ ಪೆಟ್ರೋಲ್ ಬಂಕಿನವರೆಗೂ ಹೋದ. ಹಿಂದೆ ಹಗುರ ಎನಿಸಿ ತಿರುಗಿ ನೋಡಿದ.

ಆಸ್ಪತ್ರೆ ಮುಟ್ಟುವ ಮೊದಲೇ ರುಕ್ಮಿಣಿಬಾಯಿ ತೀರಿಕೊಂಡಳು.

ಮರುದಿನ ಪೊಲೀಸರು ಬಂದರು. ಓಣಿಯವರೆಲ್ಲ ಶಾಲೆಯ ಗೇಟಿನ ಬಳಿ ಸೇರಿದ್ದರು. ಹಂಪ್ ಯಾರು ಹಾಕಿದರು ಎಂದು ಜಮಾದಾರ ಕೇಳಿದ. ಸಿಮೆಂಟು ಕೊಟ್ಟವರು ನೆಲ ನೋಡಿದರು. ಉಸ್ಮಾನಸಾಬನ ಉಗುರುಗಳಲ್ಲಿ ಇನ್ನೂ ಸಿಮೆಂಟು ಇತ್ತು. ಅವನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ನಾ ಹಾಕೇನ್ರಿ" ಎಂದಳು ಮಹಾನಂದಾ.

"ಜೋಡಿ ಯಾರಿದ್ರು?"

"ಯಾರೂ ಇಲ್ರಿ."

"ಒಬ್ಬಾಕೀನೇ ಹಾಕಿದಿ? ಏನ್ ಬೇ, ಮಿಕ್ಸರ್ ಮಶೀನ್ ಇದ್ದೀ ನೀ?"

ಹಿಂದಿನಿಂದ ಯಾರೋ ನಕ್ಕರು. ಪ್ಯಾರಿಬಿ ಮುಂದೆ ಬಂದು ಬಾಯಿ ತೆರೆದಳು. ಮಹಾನಂದಾ ಅವಳ ಮೊಣಕೈ ಹಿಡಿದು ಹಿಂದಕ್ಕೆ ನೂಕಿದಳು. ಉಸ್ಮಾನಸಾಬ ಗುಂಪಿನ ಹಿಂದಕ್ಕೆ ಸರಿದ. ಅವನ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು.

ಕೇಸಾಯಿತು. ಧಮ್ಮಪಾಲ ಜಾಮೀನಿಗೆ ಓಡಾಡಿದ. "ಊರ ಉಸಾಬರಿ ಸಾಕಾಯ್ತಿಲ್ಲೊ?" ಎಂದ ಒಂದು ಸಲ. ಚಹಾದಂಗಡಿಗೆ ಹೋಗುವುದನ್ನು ಬಿಟ್ಟ.

ಹೆಂಡತಿಯ ಕರ್ಮದ ದಿನಗಳು ಮುಗಿದ ಮೇಲೆ ದತ್ತಪ್ಪ ಬಂದ. ಮಹಾನಂದಾ ಶಾಲೆಯ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. ತಲೆ ಬೋಳಿಸಿಕೊಂಡಿದ್ದ ಮನುಷ್ಯ ಎದುರು ನಿಂತು ಹೆಸರು ಹೇಳಿದ. ಅವಳು ಎದ್ದು ನಿಂತಳು. ಕೂರಲು ಹೇಳಿದರೂ ಅವನು ಕೂರಲಿಲ್ಲ.

"ಯಾಕ ಹಾಕಿಸಿದ್ರಿ ಬಾಯಿ, ಅಷ್ಟ ಕೇಳಿ ಹೋಗ್ತೇನಿ."

ಅವಳು ಮಹೆಕಳ ಸಂಗತಿ ಹೇಳಿದಳು. ಅವನು ರಸ್ತೆಯ ಕಡೆ ನೋಡುತ್ತ ಕೇಳಿದ.

"ಎಷ್ಟ್ ವರ್ಷದ್ದಿತ್ತು ಹುಡುಗಿ?"

"ಎಂಟು."

"ನಮ್ಮಾಕಿಗೆ ಐವತ್ತೊಂದು." ಬೋಳು ತಲೆಯ ಮೇಲೆ ಕೈ ಆಡಿಸಿಕೊಂಡ. "ಬಣ್ಣ ಯಾಕ ಬಳೀಲಿಲ್ಲ?"

"ಹಸಿ ಇತ್ರಿ."

"ಒಂದ್ ಕಲ್ಲರ ಇಡಬೇಕಿತ್ತಲ್ಲ. ಒಂದ್ ಟೊಂಗಿ."

"ಇಟ್ಟಿದ್ದೆ. ನಾನೇ ತಗದೆ."

ಅವನು ಅವಳ ಮುಖ ನೋಡಿದ. ಬೈಯುತ್ತಾನೆ ಎಂದುಕೊಂಡಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನಾ ಕೇಸ್ ವಾಪಸ್ ತಗೋಳಂಗಿಲ್ಲ" ಎಂದ.

"ತಗೋಬ್ಯಾಡ್ರಿ."

ಅವನು ಬೈಕು ತಂದಿರಲಿಲ್ಲ. ರಸ್ತೆ ದಾಟಿ ಬಸ್ಸಿಗೆ ನಿಂತ. ಬಸ್ಸು ಬರುವ ತನಕ ಅವಳು ಅಕ್ಕಿ ಮುಟ್ಟಲಿಲ್ಲ.

ಆ ವಾರವೇ ರಸ್ತೆಯ ಕಚೇರಿಯವರು ಜೆಸಿಬಿ ತಂದರು. ನಾಲ್ಕು ಸಲ ಹಲ್ಲು ಊರಿದ ಮೇಲೆ ಹಂಪ್ ಎದ್ದಿತು. ಚೆನ್ನಾಗಿ ನೀರು ಕುಡಿದಿತ್ತು. ಮಹಾನಂದಾ ಕಚೇರಿಯವರನ್ನು ತಡೆಯಲಿಲ್ಲ. ಮಂಜೂರಾತಿಯ ಹಂಪ್ ಯಾವಾಗ ಹಾಕುತ್ತೀರಿ ಎಂದು ಮಾತ್ರ ಕೇಳಿದಳು. ಬಂದಿದ್ದ ಹೊಸ ಎಂಜಿನಿಯರ್ ಹುಡುಗನಿಗೆ ಆ ವಿಷಯ ಗೊತ್ತಿರಲಿಲ್ಲ. ಹಂಪ್ ಹೋದ ಮೇಲೆ ಪ್ಯಾರಿಬಿಯ ಮೊಮ್ಮಗಳೂ ಉಳಿದ ಹುಡುಗಿಯರೂ ಮತ್ತೆ ಮನೆಯಲ್ಲೇ ಉಳಿದರು.

ಕೇಸು ಮುಗಿಯುವವರೆಗೆ ಅಡುಗೆಗೆ ಬರಬೇಡಿ ಎಂದು ಮುಖ್ಯಗುರುಗಳು ಹೇಳಿದರು. ಒಳ್ಳೆಯ ಮನುಷ್ಯ, ಹೇಳುವಾಗ ಕನ್ನಡಕ ಒರೆಸುತ್ತಲೇ ಇದ್ದರು. ಅವಳ ಜಾಗಕ್ಕೆ ಬೇರೆಯವಳು ಬಂದಳು. ಉಸ್ಮಾನಸಾಬ ಓಣಿಯಲ್ಲಿ ಅವಳು ಎದುರಾದರೆ ಸಂದಿಯೊಳಗೆ ತಿರುಗಿಕೊಳ್ಳುತ್ತಿದ್ದ. ಮಾರ್ಚಿನಲ್ಲಿ ಕಂಬದ ಬಲ್ಬು ಹೋಯಿತು. ಯಾರೂ ಬಂದು ಹೇಳಲಿಲ್ಲ. ಅವಳೂ ಹೋಗಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾದಾಗ ಅವಳು ಪ್ಯಾರಿಬಿಯ ಮನೆಗೆ ಹೋದಳು. ಮಗುವನ್ನು ತಾನೇ ಕೈ ಹಿಡಿದು ದಾಟಿಸುತ್ತೇನೆ, ಬಿಡುವ ಹೊತ್ತಿಗೂ ಗೇಟಿನಲ್ಲಿ ನಿಂತಿರುತ್ತೇನೆ ಎಂದಳು. ಪ್ಯಾರಿಬಿ ಅವಳನ್ನು ಕೂರಿಸಿ ಚಹಾ ಕೊಟ್ಟಳು. ಮಗು ಬಾಗಿಲ ಬಳಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿತ್ತು.

"ನೀ ಕೋರ್ಟಿಗೆ ಹೋದ್ ದಿನ ಯಾರ್ ದಾಟಸ್ತಾರ ಅಕ್ಕಾ?" ಎಂದಳು ಪ್ಯಾರಿಬಿ. ಕುಟುಕಿ ಹೇಳಿದ್ದಲ್ಲ, ನಿಜವಾಗಿಯೇ ಕೇಳಿದಳು. ಮಹಾನಂದಾ ಚಹಾ ಕುಡಿದು, ಕಪ್ಪು ತೊಳೆದಿಟ್ಟು ಬಂದಳು. ಉಳಿದ ಮನೆಗಳಿಗೂ ಹೋದಳು. ಅಲ್ಲಿ ಚಹಾ ಕೊಡಲಿಲ್ಲ.

ಕೇಸು ಇನ್ನೂ ನಡೆದಿದೆ. ರಸ್ತೆ ಸಪಾಟಾಗಿದೆ, ಲಾರಿಗಳು ಹೋಗುತ್ತವೆ. ಇಲ್ಲಿಯವರೆಗೆ ಹೋದದ್ದು ಎರಡು ಜೀವ, ಒಂದು ಅಡುಗೆ ಕೆಲಸ, ನಾಲ್ವರು ಹುಡುಗಿಯರ ಶಾಲೆ.