ಹಂಪಮ್ಮ ಬಿಟ್ಟ ಹೋರಿ

ಮಕ್ತಲ್ ಸಂತೆಯಲ್ಲಿ ಕರಿಗುಡ್ಡದ ದನ ಅಂದರೆ ಕೊಳ್ಳುವವರು ಹತ್ತಿರವೂ ಸುಳಿಯುತ್ತಿರಲಿಲ್ಲ. ನಿಜಾಮರ ರಾಜ್ಯದಲ್ಲಿ ಒಂದೊಂದು ಊರಿಗೆ ಒಂದೊಂದು ಹೆಸರು. ನಾರಾಯಣಪೇಟೆಗೆ ಸೀರೆಯಿಂದ ಬಂದ ಹೆಸರು, ಗದ್ವಾಲಕ್ಕೆ ಜರಿ ಸೆರಗಿನಿಂದ ಬಂದ ಹೆಸರು. ಕರಿಗುಡ್ಡಕ್ಕೆ ಮಾತ್ರ ಮೂಳೆ ಎದ್ದ ಎತ್ತುಗಳಿಂದ ಹೆಸರು ಬಂದಿತ್ತು. ಹೇಳಿಕೊಳ್ಳಲು ನಾಚಿಕೆ, ಆದರೂ ಇದ್ದದ್ದು ಇದ್ದಂತೆ ಹೇಳಬೇಕಲ್ಲ!

ನಿಜಾಮರ ಕಾಲಗಣನೆಯ ಫಸಲಿ ಸಾವಿರದ ಮುನ್ನೂರ ನಲವತ್ತನಾಲ್ಕರ ಬೇಸಿಗೆ. ಹಂಪಮ್ಮನೂ ಅವಳ ಗಂಡ ಲಿಂಗಣ್ಣನೂ ತಮ್ಮ ಮುದಿ ಹಸು ಸಾಯುವ ಮುನ್ನ ಹಾಕಿದ ಕೊನೆಯ ಹೋರಿಯನ್ನು ಮಾರಲು ಮಕ್ತಲ್‌ಗೆ ಹೊಡೆದುಕೊಂಡು ಹೋಗಿದ್ದರು. ಬೆಳಗಿನಿಂದ ನಿಂತದ್ದೇ ನಿಂತದ್ದು. ಮಧ್ಯಾಹ್ನ ವಡ್ಡೆಪಲ್ಲಿಯ ದನದ ವ್ಯಾಪಾರಿ ಬಾಲಯ್ಯ ಬಂದ, ಹೋರಿಯ ಸುತ್ತ ಒಂದು ಸುತ್ತು ಹಾಕಿದ, "ಇದಿ ಎದ್ದಾ, ಮ್ಯಾಕಾ?" ಅಂದ. ಎತ್ತೋ ಮೇಕೆಯೋ ಅಂತ ಅವನ ಪ್ರಶ್ನೆ. ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲಿಂಗಣ್ಣ ತಲೆ ತಗ್ಗಿಸಿದ.

ಹಂಪಮ್ಮನಿಗೆ ಬಾಲಯ್ಯನ ಮೇಲೆ ಸಿಟ್ಟು ಬರಲಿಲ್ಲ. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವಳ ತವರು ಹೊಳೆಯಾಚೆಯ ಧರೂರು. ಅವಳಪ್ಪನ ಜೋಡಿ ಎತ್ತು ಎರೆಮಣ್ಣಿನ ಕೆಸರಲ್ಲಿ ಹೂತ ಬಂಡಿಯನ್ನು ಬಾರುಕೋಲು ಮುಟ್ಟಿಸದೆ ಎಳೆದು ನಿಲ್ಲಿಸುತ್ತಿದ್ದವು. ಅಂಥವನ ಮಗಳು ಸಂತೆಯ ನಡುವೆ ನಿಂತು ತನ್ನ ಹೋರಿಗೆ ಮೇಕೆ ಅನ್ನಿಸಿಕೊಂಡಳು. ಅದು ಕರುಳಿಗೆ ಚುಚ್ಚಿತ್ತು.

ಹೋರಿಯನ್ನು ವಾಪಸು ಹೊಡೆದುಕೊಂಡು ಬಂದರೆ ಊರ ಬಾಗಿಲಲ್ಲೇ ದೇವರ ಗೂಳಿ ಅಡ್ಡ ನಿಂತಿತ್ತು. ಮುದಿ ಗೂಳಿ. ಕೊಂಬು ಒಂದು ಮೇಲಕ್ಕೆ, ಒಂದು ಕೆಳಕ್ಕೆ. ಬೆನ್ನು ಜೋಲು. ನಡೆದರೆ ಹಿಂದಿನ ಮೊಣಕಾಲು ಒಂದಕ್ಕೊಂದು ತಾಗುತ್ತಿದ್ದವು. ಹಂಪಮ್ಮ ಗೂಳಿಯನ್ನು ನೋಡಿದಳು, ಹಗ್ಗದ ತುದಿಯಲ್ಲಿದ್ದ ಹೋರಿಯನ್ನು ನೋಡಿದಳು. ಅದೇ ಜೋಲು ಬೆನ್ನು, ಅದೇ ತಾಗುವ ಮೊಣಕಾಲು.

"ಯಾಕ ನಿಂತಿ? ಬಿಸಲಾಗ ತಲಿ ತಿರಗ್ತೇನು?" ಅಂದ ಲಿಂಗಣ್ಣ.

"ನೂಲಿನಂಗ ಸೀರಿ ಅಂತೀರಿ. ಗೂಳಿಯಂಗ ಕರ ಅಂತ ಈ ಊರಾಗ ಯಾರೂ ಅನ್ನಲಿಲ್ಲ ನೋಡ್ರಿ," ಅಂದಳು ಹಂಪಮ್ಮ.

ಆ ಊರಿನ ಪದ್ಧತಿ ಹೀಗಿತ್ತು. ಹರಕೆ ತೀರಿದವರು ಒಂದು ಹೋರಿಯನ್ನು ಬಸವಣ್ಣನ ಗುಡಿಗೆ ಬಿಡಬೇಕು. ಬಲತೊಡೆಗೆ ಕಾಸಿದ ಕಬ್ಬಿಣದ ಲಿಂಗಮುದ್ರೆ ಬಿತ್ತು ಅಂದರೆ ಮುಗಿಯಿತು. ಆಮೇಲೆ ಅದನ್ನು ಮಾರುವಂತಿಲ್ಲ, ಹೂಡುವಂತಿಲ್ಲ, ಬಡಿಯುವಂತಿಲ್ಲ. ಅದು ಯಾರ ಹೊಲದಲ್ಲಾದರೂ ಮೇಯಬಹುದು. ಊರಿನ ಹಸುಗಳಿಗೆಲ್ಲ ಅದೇ ಗೂಳಿ. ಆದರೆ ಎಂಥ ಹೋರಿ ಬಿಡಬೇಕು ಅನ್ನುವುದು ಬಿಡುವವನ ಇಷ್ಟ. ಚೆಲುವಾದದ್ದನ್ನು ಯಾರು ಬಿಟ್ಟಾರು? ಒಳ್ಳೆಯದು ನೊಗಕ್ಕೆ, ಕುಂಟು ಕುರುಡು ದೇವರಿಗೆ. ಅಜ್ಜಂದಿರ ಕಾಲದಿಂದ ಹೀಗೇ ನಡೆದು ಬಂದಿತ್ತು. ದನ ಯಾಕೆ ಹೀಗಾದವು ಅಂತ ಕೇಳಿದರೆ ಒಬ್ಬರು ನೀರಿನ ದೋಷ ಅನ್ನುತ್ತಿದ್ದರು, ಒಬ್ಬರು ಯಾರದೋ ಕಣ್ಣು ಬಿತ್ತು ಅನ್ನುತ್ತಿದ್ದರು. ತಮ್ಮ ಭಕ್ತಿಯೇ ಕರುಗಳ ಬೆನ್ನು ಮುರಿಯುತ್ತಿದೆ ಅಂತ ಯಾರ ತಲೆಗೂ ಹೊಳೆದಿರಲಿಲ್ಲ. ಈಗಿನ ಗೂಳಿ ಇಂದೋ ನಾಳೆಯೋ ಅನ್ನುವಂತಿತ್ತು, ಅದರ ಜಾಗಕ್ಕೆ ತನ್ನ ಕುಂಟು ಹೋರಿಯನ್ನು ಬಿಡುತ್ತೇನೆ ಅಂತ ಪಕ್ಕದ ಮನೆಯ ಎಲ್ಲಪ್ಪ ಆಗಲೇ ಹೇಳಿಯೂ ಆಗಿತ್ತು.

ಹಂಪಮ್ಮನ ಕೊಟ್ಟಿಗೆಯಲ್ಲಿ ಇನ್ನೊಂದು ಹೋರಿ ಇತ್ತು. ಮೂರು ಬೇಸಿಗೆ ಹಿಂದೆ, ಕೃಷ್ಣೆ ಮೊಣಕಾಲುದ್ದ ಇಳಿದಾಗ, ಅವಳ ಅಣ್ಣ ಗಬ್ಬದ ಹಸು ಗೌರಿಯನ್ನು ಹೊಳೆ ದಾಟಿಸಿ ತಂದು ತಂಗಿಗೆ ಕೊಟ್ಟಿದ್ದ. ಅದು ಈದ ಹೋರಿ. ಬೆಳ್ಳಗೆ, ಹೆಗಲ ಮೇಲೆ ಹೊಗೆ ಬಣ್ಣ, ಹಲಗೆಯಂಥ ಬೆನ್ನು. ಲಿಂಗಣ್ಣ ತನ್ನ ಪಾಲಿನ ರೊಟ್ಟಿ ಮುರಿದು ಅದರ ಬಾಯಿಗಿಟ್ಟು ಸಾಕಿದ್ದ. ಸಾಕದೆ ಏನು? ಅವನ ಎತ್ತಿನ ಜೋಡಿಯಲ್ಲಿ ಒಂದು ಹಾವು ಕಚ್ಚಿ ಸತ್ತಿತ್ತು. ಹದಿನಾರು ಎಕರೆ ಎರೆಹೊಲ, ಒಂಟಿ ಎತ್ತು. ಈ ಹೋರಿ ನೊಗಕ್ಕೆ ಬಂದರಷ್ಟೇ ಅವರದು ಬೇಸಾಯ. ಬೀಜ ಒಡೆದು ಎತ್ತು ಮಾಡಲು ಅಂಜಯ್ಯನಿಗೆ ಬರಹೇಳಿಯೂ ಆಗಿತ್ತು.

ಸಂಜೆ ರೊಟ್ಟಿ ಬಡಿಯುತ್ತಾ ಹಂಪಮ್ಮ ಹೇಳಿಬಿಟ್ಟಳು: "ಗೌರಿ ಹೋರಿನ್ನ ಬಸವಣ್ಣಗ ಬಿಡೋಣ್ರಿ."

ಲಿಂಗಣ್ಣನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಹುಚ್ಚು ಹಿಡಿದೈತೇನ ನಿನಗ? ಹೊಲ ಏನ್ ನೀನು ಉಗುರಿಲೆ ಕೆರೀತಿ?"

"ಎಲ್ಲಪ್ಪನ ಕುಂಟ ಹೋರಿ ಮುದ್ರಿ ಹಾಕಿಸ್ಕೊಂಡ್ರ ಮುಂದಿನ ಹತ್ತು ವರ್ಷ ಊರ ಕರ ಎಲ್ಲಾ ಕುಂಟ. ನೀವ ಹೇಳ್ರಿ."

"ಊರಿಗೆ ಚಲೋ ಕರ ಸಿಕ್ಕಾವು. ನಮಗ? ನಮ್ಮನ್ಯಾಗ ಇರೋದು ಗೌರಿ ಒಂದ. ಹೆತ್ತವ್ವಗ ಮಗನ್ನ ಬಿಡಾಕ ಬರ್ತೈತೇನು? ಊರೆಲ್ಲಾ ಉಂಡೀತು, ನಾವು ನೋಡ್ಕೋತ ಕೂಡೂದು."

ಇದು ಹಂಪಮ್ಮನಿಗೆ ಗೊತ್ತಿರಲಿಲ್ಲವೆಂದಲ್ಲ. ಸಂತೆಯಿಂದ ಬರುವ ದಾರಿಯುದ್ದಕ್ಕೂ ಅವಳನ್ನು ತಿಂದದ್ದು ಇದೇ ಲೆಕ್ಕ. "ಗೊತ್ತೈತ್ರಿ," ಅಂದಳು. "ಗೊತ್ತಿದ್ದ ಹೇಳಾಕತ್ತೀನಿ." ಲಿಂಗಣ್ಣ ತಾಟು ಸರಿಸಿ ಎದ್ದು ಹೋದ. ಮೂರು ದಿನ ಅವಳ ಜೊತೆ ಮಾತಿಲ್ಲ.

ನಾಲ್ಕನೇ ಬೆಳಿಗ್ಗೆ ಅಂಜಯ್ಯ ತನ್ನ ಕಟ್ಟಿಗೆಯ ಇಕ್ಕಳ ಹೆಗಲಿಗೇರಿಸಿಕೊಂಡು ಬಂದ. ಹಂಪಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತಳು. ಸುದ್ದಿಗೆ ಕಾಲು ಬೇಕೇ? ಅರ್ಧ ಊರು ಅಂಗಳದಲ್ಲಿತ್ತು. ಎಲ್ಲಪ್ಪ ಬಂದ, ಗುಡಿಯ ಪೂಜಾರಿ ಕರಿಬಸಯ್ಯನವರೂ ಬಂದರು.

"ಹಂಪವ್ವ, ದೇವರು ಭಕ್ತಿ ನೋಡ್ತಾನ, ಕೊಂಬು ನೋಡಂಗಿಲ್ಲ," ಅಂದರು ಕರಿಬಸಯ್ಯನವರು.

"ಸ್ವಾಮೇರ, ನಿಮ್ಮ ಮಗಳಿಗೆ ವರ ನೋಡಾಗ ಬರೇ ಭಕ್ತಿ ನೋಡಿದ್ರೇನ್ರಿ?"

ಜನ ಗೊಳ್ಳೆಂದರು. ಕರಿಬಸಯ್ಯನವರ ಮುಖ ಕೆಂಪಾಯಿತು. ಹಂಪಮ್ಮ ನಗಲಿಲ್ಲ. "ಕುಂಟಂದು ದೇವರಿಗೆ ಕೊಟ್ವಿ. ದೇವರು ಇಟ್ಕೊಳ್ಳಲಿಲ್ಲ, ಕುಂಟಂದ ನಮ್ಮ ಕೊಟ್ಟಿಗಿಗೆ ತಿರುಗಿ ಕೊಟ್ಟ. ಒಂದು ಸಲ ಚಲೋದು ಕೊಟ್ಟು ನೋಡೋಣ್ರೆಪ್ಪಾ. ಮಕ್ತಲದಾಗ ನಮ್ಮ ಮಕ್ಕಳು ತಲಿ ಎತ್ತಿ ನಿಲ್ಲಲಿ."

"ಮಾತು ಚಂದ ಐತಿ. ಹೊಲ ಮಾಡೋ ಗಂಡಸನ್ನ ಕೇಳಿಯೇನು?" ಅಂದ ಎಲ್ಲಪ್ಪ.

ಎಲ್ಲರೂ ಲಿಂಗಣ್ಣನ ಕಡೆ ತಿರುಗಿದರು. ಅವನು ಕೊಟ್ಟಿಗೆಯೊಳಗೆ ಹೋಗಿ ಹೋರಿಯ ಕೊರಳ ಗಂಗೆದೊಗಲು ನೇವರಿಸಿದ. ಆಮೇಲೆ ಹಗ್ಗ ಬಿಚ್ಚಿದ. "ಅಂಜಯ್ಯ, ಉಂಡು ಹೋಗು. ಇಲ್ಲಿ ಕೆಲಸಿಲ್ಲ," ಅಂದವನೇ ಹೋರಿಯನ್ನು ಹಿಡಿದುಕೊಂಡು ಗುಡಿಯ ಕಡೆ ನಡೆದ. ಹೆಂಡತಿಯ ಮುಖವನ್ನೂ ನೋಡಲಿಲ್ಲ. ಹಂಪಮ್ಮನಿಗೆ ಮದುವೆಯಾದಂದಿನಿಂದ ಗಂಡನ ಮೇಲೆ ಅಷ್ಟು ಹೆಮ್ಮೆ ಎಂದೂ ಬಂದಿರಲಿಲ್ಲ. ಮುದ್ರೆ ಹಾಕುವಾಗ ಮಾತ್ರ ಅವಳು ಕಣ್ಣು ಮುಚ್ಚಿಕೊಂಡಳು.

ಮುಂದಿನ ಐದು ವರ್ಷ ಸುಲಭದವಲ್ಲ. ಮೇಕೆಯಂಥ ಹೋರಿಯನ್ನು ಎತ್ತಿನ ಪಕ್ಕ ಹೂಡಿ ನೋಡಿದರು. ಹೊಲದ ನಡುವೆಯೇ ಮಲಗಿಬಿಟ್ಟಿತು. ಒಂಟಿ ಎತ್ತಿಗೆ ಜೋಡಿ ಸಿಗುತ್ತಿದ್ದದ್ದು ಊರವರದೆಲ್ಲ ಬಿತ್ತಿ ಮುಗಿದ ಮೇಲೆ. ಹಿಂಗಾರಿ ಜೋಳಕ್ಕೆ ಹದ ಅಂದರೆ ಎಣಿಸಿ ನಾಲ್ಕು ದಿನ. ಆ ಹದ ಇವರ ಹೊಲಕ್ಕೆ ಎಂದೂ ಸಿಗಲಿಲ್ಲ. ನಾಲ್ಕೆಕರೆ ಪ್ರತಿ ವರ್ಷ ಬೀಳು. ಹಂಪಮ್ಮ ಮಂದಿಯ ಹೊಲಕ್ಕೆ ಕಳೆ ಕೀಳಲು ಹೋದಳು. ಇದರ ಮೇಲೆ ದೂರು ಬೇರೆ: "ಹಂಪವ್ವ, ನಿನ್ನ ಹೋರಿ ನನ್ನ ಕಡ್ಲಿ ಮೇದೈತಿ!"

"ನಂದಲ್ಲರೀ, ದೇವರದು. ಮೇದದ್ದು ನಿಮ್ಮ ಕೊಟ್ಟಿಗ್ಯಾಗ ಕರ ಆಗಿ ಬೀಳ್ತೈತಿ, ತಡ್ಕೊಳ್ರಿ," ಅನ್ನುತ್ತಿದ್ದಳು. ಬಾಯಿ ಮಾತ್ರ ಸೋಲಲಿಲ್ಲ.

ಕರುಗಳು ಬಿದ್ದವು ನೋಡಿ! ಮೊದಲನೆಯದು ಎಲ್ಲಪ್ಪನ ಮನೆಯಲ್ಲೇ. ಹುಟ್ಟಿದ ಗಳಿಗೆಯಲ್ಲೇ ನಾಲ್ಕೂ ಕಾಲೂರಿ ನಿಂತಿತಂತೆ. ಆಮೇಲೆ ಯಾರ ಮನೆಯಲ್ಲಿ ಹಸು ಈದರೂ ಹಂಪಮ್ಮನಿಗೆ ಕರೆ. ಅವಳು ಹೋಗಿ, ಕುಕ್ಕರುಗಾಲಲ್ಲಿ ಕೂತು, ಕರುವಿನ ಬೆನ್ನು ಸವರಿ, ಮೊಣಕಾಲು ಹಿಚುಕಿ ನೋಡಿ, "ಚಲೋ ಐತಿ" ಅಂದು ಬರುತ್ತಿದ್ದಳು. ಆ ದಿನ ಒಂದು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು. ಹೆಮ್ಮೆ ಇತ್ತು, ಬೇಕಾದಷ್ಟಿತ್ತು. ಸುಳ್ಳೇಕೆ, ಹೊಟ್ಟೆಯಲ್ಲಿ ಸಣ್ಣ ಉರಿಯೂ ಇತ್ತು. ಹೆತ್ತ ಮಗನ ಬಳಿ ಬಿಡುವಂತಿಲ್ಲವಲ್ಲ, ಗೌರಿಯನ್ನು ಎರಡು ಸಲ ಹೊಳೆ ದಾಟಿಸಿ ಧರೂರಿನ ಗೂಳಿಗೆ ಒಯ್ದು ಬಂದಿದ್ದಳು. ಎರಡು ಸಲವೂ ಹೆಣ್ಗರು. ಊರಿಗೆಲ್ಲ ಜೋಡಿ, ಅವಳ ನೊಗ ಗೋಡೆಗೆ ಒರಗಿಯೇ ಇತ್ತು.

ಆರನೇ ವರ್ಷದ ಬೇಸಿಗೆಯಲ್ಲಿ ಕರಿಗುಡ್ಡದವರು ಐದು ಜೋಡಿ ಹೊಡೆದುಕೊಂಡು ಮಕ್ತಲ್‌ಗೆ ಹೋದರು. ಹಂಪಮ್ಮ ಹೋಗಲಿಲ್ಲ, ಹೊಡೆದುಕೊಂಡು ಹೋಗಲು ಅವಳಿಗೆ ಏನಿತ್ತು? ವ್ಯಾಪಾರಿ ಬಾಲಯ್ಯ ಐದು ಜೋಡಿಯನ್ನೂ ನೋಡಿ ಯಾವ ಊರಿನವು ಅಂತ ಕೇಳಿದನಂತೆ. ಕರಿಗುಡ್ಡ ಅಂದರೆ ನಂಬಲೇ ಇಲ್ಲವಂತೆ. ಎಲ್ಲಪ್ಪ ಎದೆಯುಬ್ಬಿಸಿ ಇಡೀ ಕಥೆ ಹೇಳಿದ. ಕೇಳಿ ಮುಗಿಸಿದ ಬಾಲಯ್ಯ ಅಂದನಂತೆ: "ಹೋರಿ ಬಿಟ್ಟ ಆ ತಾಯಿ ಮನಿ ಜೋಡಿ ಇನ್ನೆಷ್ಟು ಚಂದ ಇರಬೇಕು! ಅದನ್ನ ಯಾಕ ತರಲಿಲ್ಲ?"

ಐದು ವರ್ಷ ತನ್ನ ಬೇಲಿಯಾಚೆಯೇ ಇದ್ದ ಆ ತಾಯಿಯ ಕೊಟ್ಟಿಗೆಯನ್ನು ಎಲ್ಲಪ್ಪ ಒಮ್ಮೆಯೂ ಇಣುಕಿ ನೋಡಿರಲಿಲ್ಲ. ಊರಿಗೆ ಮರಳಿದವರು ಮನೆಗೆ ಹೋಗಲಿಲ್ಲ, ನೇರ ಗುಡಿಕಟ್ಟೆಗೆ ಹೋಗಿ ಕೂತರು.

ಉತ್ತರಿ ಮಳೆ ಬಿದ್ದು ಎರೆ ಹದಕ್ಕೆ ಬಂದ ಬೆಳಿಗ್ಗೆ ಎಲ್ಲಪ್ಪ ಹಂಪಮ್ಮನ ಅಂಗಳದಲ್ಲಿ ಕೂಗಿದ: "ಹಂಪವ್ವ, ಹೊರಗ ಬಾ."

ಹಿಟ್ಟಿನ ಕೈಯಲ್ಲೇ ಬಂದಳು. ಅಂಗಳದಲ್ಲಿ ಎರಡು ಎತ್ತು, ಅವುಗಳ ಹಿಂದೆ ಊರು. ಮುಂದೆ ಕರಿಬಸಯ್ಯನವರು.

"ಏನ್ರಿ ಇದು?"

"ನಿನ್ನ ಜೋಡಿ," ಅಂದ ಎಲ್ಲಪ್ಪ.

"ನಾನು ಭಿಕ್ಷಾ ಬೇಡಿಲ್ಲ."

"ಭಿಕ್ಷಾ ಅಲ್ಲವ್ವ," ಅಂದರು ಕರಿಬಸಯ್ಯನವರು. "ಊರು ನಿನಗ ಬಿಟ್ಟದ್ದು. ಒಂದು ಎಲ್ಲಪ್ಪನ ಮನೀದು, ಒಂದು ನಮ್ಮನೀದು. ಬ್ಯಾಡ ಅನ್ನಾಕ ನಿನಗ ಹಕ್ಕಿಲ್ಲ."

ಹಂಪಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಬಂದವಳೇ ಮೊದಲ ಎತ್ತಿನ ತುಟಿ ಎತ್ತಿ ಹಲ್ಲು ನೋಡಿದಳು.

"ಧರ್ಮಕ್ಕ ದಟ್ಟಿ ಕೊಟ್ರ ಹಿತ್ತಲಕ ಹೋಗಿ ಮೊಳ ಹಾಕಿದ್ಲಂತ," ಅಂತ ಲಿಂಗಣ್ಣ ಹಿಂದಿನಿಂದ ಗೊಣಗಿದ. "ಬಿಡ, ಮಾರಾಯ್ತಿ."

ಬಿಡಲಿಲ್ಲ. ಕರಿಗುಡ್ಡದವರು ಕೊಡುವುದು ಎಂಥದ್ದು ಅಂತ ಅವಳಿಗಿಂತ ಬಲ್ಲವರು ಯಾರು? ಗೊರಸು ಎತ್ತಿ ನೋಡಿದಳು. ಬೆನ್ನ ಮೇಲೆ ಅಂಗೈ ಒತ್ತಿದಳು. ಹತ್ತು ಹೆಜ್ಜೆ ನಡೆಸಿದಳು, ತಿರುಗಿಸಿ ನಡೆಸಿದಳು, ಕುಂಟು ಹುಡುಕಿದಳು. ಎರಡನೆಯದಕ್ಕೂ ಅಷ್ಟೇ. ಯಾರೂ ನಗಲಿಲ್ಲ. ಹುಡುಕಿದರೂ ಐಬು ಸಿಗಲಿಲ್ಲ. ಆಗ ಅವಳು ಎಲ್ಲಪ್ಪನ ಮುಖಕ್ಕೆ ಮುಖ ಕೊಟ್ಟು ನಿಂತಳು.

"ಖರೇ ಹೇಳು ಎಲ್ಲಪ್ಪ. ಇದಕ್ಕಿಂತ ಚಲೋದು ಮನಿಯಾಗ ಇಟ್ಕೊಂಡೀಯೇನು?"

"ಇಲ್ಲವ್ವ," ಅಂದ ಎಲ್ಲಪ್ಪ. "ನನ್ನ ಜೋಡಿ ಒಡೆದು ತಂದೀನಿ. ಮನಿಯಾಗ ಉಳಿದದ್ದು ಇದಕ್ಕಿಂತ ಕಡಿಮಿದು."

ಹಂಪಮ್ಮನ ಮಾತು ನಿಂತದ್ದನ್ನು ಆ ಊರು ಅದೇ ಮೊದಲು ಕಂಡದ್ದು. ಎತ್ತಿನ ಕೊರಳಿಗೆ ಹಣೆ ಒರಗಿಸಿ, ಊರೆಲ್ಲ ನೋಡುತ್ತಿದ್ದಂತೆಯೇ, ಮರೆ ಮಾಡದೆ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಗಂಡನಿಗೆ ಗದರಿದಳು:

"ಏನ್ ನೋಡ್ತೀರಿ ನಿಂತು? ನೊಗ ತರ್ರಿ, ಹದ ಹೋಗ್ತೈತಿ!"

ಆ ವರ್ಷ ಕರಿಗುಡ್ಡದಲ್ಲಿ ಮೊಟ್ಟಮೊದಲು ಬಿತ್ತನೆಯಾದದ್ದು ಹಂಪಮ್ಮನ ಹದಿನಾರೂ ಎಕರೆ. ಎಲ್ಲಪ್ಪನ ಹೊಲ ಎರಡು ದಿನ ತಡವಾಯಿತು. ಅದನ್ನು ಬಿತ್ತಿಕೊಟ್ಟದ್ದೂ ಅವಳದೇ ಜೋಡಿ.