ಪೂಜೆಗೆ ಆರಿಸಿದ ಮೆಷಿನ್

"ಫೋನ್ ಸ್ಪೀಕರ್‌ಗೆ ಹಾಕಿ ಸರ್. ಎಲ್ರಿಗೂ ಕೇಳಿಸ್ಲಿ," ಎಂದಳು ರಂಜಿತ, ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ.

"ಎಲ್ರಿಗೂ ಯಾಕಮ್ಮಾ?" ಕಾಂತರಾಜು ಗೊಣಗಿದ. ತೂಬಗೆರೆಯ ಹೊರಗಿನ ಗುಲಾಬಿ ಶೆಡ್ಡಿನ ಮ್ಯಾನೇಜರ್ ಅವನು. ರೈತರು ತಂದ ಹೂವನ್ನು ಬೆಂಗಳೂರಿನ ಅಂಗಡಿಯವರು ಕೊಳ್ಳುವುದು ಶೆಡ್ಡಿನ ವೆಬ್‌ಸೈಟಿನಲ್ಲೇ. ಅದನ್ನು ಕಟ್ಟಿ ನಡೆಸಿದವಳು ರಂಜಿತ. ಯುಗಾದಿಯ ಹೊತ್ತಿಗೆ, ಹೂ ಆರಿಸುವ ಹೆಂಗಸರೆಲ್ಲರ ಎದುರು, "ಸೈಟು ತಾನಾಗೇ ಓಡ್ತದೆ. ನೀನು ಕೂತ್ಕೊಂಡು ವಡೆ ತಿನ್ನೋಕೆ ಸಂಬಳ ಯಾಕೆ?" ಎಂದು ಅವಳನ್ನು ಕಳಿಸಿಬಿಟ್ಟಿದ್ದ. ಹೆಂಗಸರು ನಕ್ಕಿದ್ದರು. ಆ ನಗು ಅವಳ ಕಿವಿಯಲ್ಲಿ ಇನ್ನೂ ಇತ್ತು.

ಈಗ ಸೈಟು ಸತ್ತಿತ್ತು. ಮೊದಲು ಫೋನ್ ಮಾಡಿದ್ದು ಶೆಡ್ಡಿಗೆ ಗುಲಾಬಿ ತರುವ, ಆವತ್ತು ಅಲ್ಲೇ ಇದ್ದ ದ್ಯಾವಮ್ಮ. "ಲೇ ರಂಜೂ, ನನ್ನ ಹೂವೆಲ್ಲಾ ಕ್ರೇಟ್‌ನಾಗೇ ಕೂತವೆ ಕಣವ್ವಾ. ಮಧ್ಯಾಹ್ನ ದಾಟಿದ್ರೆ ದನದ ಮುಂದಕ್ಕೆ ಹಾಕ್ಬೇಕು. ಆವತ್ತು ನಾನು ನಗ್ಲಿಲ್ಲ, ನಿನ್ನಾಣೆ."

ದ್ಯಾವಮ್ಮ ನಕ್ಕಿರಲಿಲ್ಲ, ನಿಜ. ಅದಕ್ಕೇ ರಂಜಿತ ಕಾಂತರಾಜುವಿನ ಫೋನ್ ಎತ್ತಿದ್ದು, ಅದೂ ಅವನನ್ನು ಸಾಕಷ್ಟು ಕಾಯಿಸಿದ ಮೇಲೆ.

"ಸ್ಪೀಕರ್ ಹಾಕ್ದೆ, ಹೇಳು."

"ಎರರ್ ಫೈಲಿನ ಕೊನೇ ಸಾಲು ಜೋರಾಗಿ ಓದಿ."

"ಕನೆಕ್ಷನ್ ರೆಫ್ಯೂಸ್ಡ್ ಅಂತೈತೆ. ಯಾರಮ್ಮಾ ಬೇಡ ಅಂತಿರೋದು?"

"ಮುಂದಿರೋ ವೆಬ್ ಸರ್ವರ್ ನಿಮ್ಮ ಥರ ಸರ್. ಬಾಗಿಲಲ್ಲಿ ನಿಂತು ಬಂದೋರಿಗೆ ನಮಸ್ಕಾರ ಹಾಕುತ್ತೆ, ಅಷ್ಟೇ. ಕೆಲಸ ಮಾಡೋದು ಒಳಗಿರೋ ಬ್ಯಾಕೆಂಡ್. ಅದು ಎದ್ದೇ ಇಲ್ಲ."

ಆ ಕಡೆ ಯಾರೋ ಕಿಸಕ್ಕೆಂದರು. ರಂಜಿತ ಸೊಪ್ಪು ಬಿಟ್ಟು ಕೇಳಿಸಿಕೊಂಡಳು.

"ನಿನ್ನೆ ಆಯುಧಪೂಜೆಗೆ ಸೈಟಿನ ಮೆಷಿನ್ ಆರಿಸಿದ್ರಾ?"

"ಓಡೋ ಮೆಷಿನ್‌ಗೆ ಯಾರಾದ್ರೂ ಪೂಜೆ ಮಾಡ್ತಾರಾ? ಟೆಂಪೋ, ತಕ್ಕಡಿ ಜೊತೆ ಅದನ್ನೂ ಆಫ್ ಮಾಡ್ಸಿ, ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕ್ದೆ. ಬೂದುಗುಂಬಳಕಾಯಿನೂ ಒಡೆದೆ. ಬೆಳಗ್ಗೆ ಆನ್ ಮಾಡಿದ್ದೀನಲ್ಲಾ!"

ಅವಳಿದ್ದಾಗ ಕುಂಕುಮಕ್ಕೆ ಅಡ್ಡಿಯಿರಲಿಲ್ಲ, ಆರಿಸಲು ಮಾತ್ರ ಬಿಡುತ್ತಿರಲಿಲ್ಲ. ಮೆಷಿನ್ ಆರಿ ಮತ್ತೆ ಹೊತ್ತಿದರೆ ವೆಬ್ ಸರ್ವರ್ ತಾನೇ ಏಳುತ್ತಿತ್ತು. ಬ್ಯಾಕೆಂಡನ್ನು ಅವಳೇ ಎಬ್ಬಿಸಬೇಕಿತ್ತು. ಆ ಕೆಲಸವನ್ನು ಬೇಕೆಂದೇ ತನ್ನ ಕೈಯಲ್ಲಿ ಇಟ್ಟುಕೊಂಡಿದ್ದಳು.

"ಒಂದು ಮಾತು ಹೇಳಿ ಸರ್. ಸೈಟು ತಾನಾಗೇ ಓಡ್ತದಾ?"



"ಓಡಲ್ಲ," ಎಂದ.

"ಕೇಳಿಸ್ಲಿಲ್ಲ."

"ಓಡಲ್ಲ ಕಣಮ್ಮಾ! ಕೇಳಿದ್ರೇನ್ರಮ್ಮಾ ಎಲ್ರೂ? ಓಡಲ್ಲ!"

"ನಮಗೆ ಕೇಳ್ತು," ದ್ಯಾವಮ್ಮನ ದನಿ. "ಬಿರ್ರನೆ ಹೇಳವ್ವಾ, ಹೂ ಬಾಡ್ತವೆ."

ರಂಜಿತ ಒಂದೊಂದೇ ಅಕ್ಷರ ಹೇಳಿ ಟೈಪ್ ಮಾಡಿಸಿದಳು. ಸೈಟು ತೆರೆದುಕೊಂಡಿತು. ಶೆಡ್ಡಿನಲ್ಲಿ ಗದ್ದಲವೆದ್ದಿತು.

"ಇನ್ನೇನೂ ಮಾಡೋದಿಲ್ವಲ್ಲಮ್ಮಾ?"

ಇನ್ನೊಂದು ಸಾಲಿತ್ತು. ಅದನ್ನು ಹಾಕಿದರೆ ಮೆಷಿನ್ ಹೊತ್ತಿಸಿದಾಗಲೆಲ್ಲ ಬ್ಯಾಕೆಂಡ್ ತಾನಾಗೇ ಏಳುತ್ತದೆ. ಸಾಲು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಇಲ್ಲ ಸರ್. ಅಷ್ಟೇ."

ಊಟದ ಹೊತ್ತಿಗೆ ದ್ಯಾವಮ್ಮ ಮತ್ತೆ ಫೋನ್ ಮಾಡಿದಳು. "ನನ್ನವೆಲ್ಲಾ ಮಾರಿಹೋದ್ವು ಕಣವ್ವಾ. ಕ್ರೇಟು ತೊಳ್ದು ಬಿಸ್ಲಿಗೆ ಇಕ್ಕಿವ್ನಿ. ನಿನ್ನ ಹೊಟ್ಟೆ ತಣ್ಣಗಿರ್ಲಿ."

ರಂಜಿತ ತಟ್ಟೆ ಹಾಕಿಕೊಂಡು ಕೂತಳು. ತಲೆಯ ಮೇಲಿನ ಫ್ಯಾನು ನಿಧಾನವಾಗುತ್ತಾ ಬಂದು ನಿಂತಿತು. ಅವಳ ಮನೆಗೂ ಶೆಡ್ಡಿಗೂ ಒಂದೇ ಕರೆಂಟಿನ ಲೈನು. ಇಷ್ಟು ದಿನ ಕರೆಂಟು ಹೋದರೂ ಅಲ್ಲಿನ ಮೆಷಿನನ್ನು ಓಡಿಸುತ್ತಿದ್ದ ಯುಪಿಎಸ್ ಬ್ಯಾಟರಿ ಮೊನ್ನೆಯಷ್ಟೇ ಸತ್ತಿತ್ತೆಂದು ದ್ಯಾವಮ್ಮನೇ ಹೇಳಿದ್ದಳು.

ಅವಳು ಫೋನನ್ನು ತಟ್ಟೆಯ ಪಕ್ಕ, ಪರದೆ ಕಾಣುವಂತೆ ಇಟ್ಟು, ಬಿಸಿ ಮುದ್ದೆಯನ್ನು ಸಣ್ಣದಾಗಿ ಮುರಿದು ಸಾರಿನಲ್ಲಿ ಅದ್ದಿದಳು.